92 ಎಂಬಿ ಜಮೀನು ಪತ್ರ, ವಕೀಲರ ಮೇಲ್‌ಗೆ 10 ಎಂಬಿ ಮಿತಿ. ಓದಲು ಬರುವ ಹಾಗೆ ಸಣ್ಣದು ಮಾಡುವುದು ಹೇಗೆ?

ತೋಟದಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ಅಣ್ಣತಮ್ಮಂದಿರ ಪಾಲು ಆಗುತ್ತಿದೆ. ವಿಭಾಗ ಪತ್ರ ನೋಂದಣಿಗೆ ಮೊದಲು ಎಲ್ಲಾ ದಾಖಲೆ ಓದಿ ನೋಡುತ್ತೇನೆ ಎಂದು ಬೆಂಗಳೂರಿನ ವಕೀಲರು ಹೇಳಿದ್ದಾರೆ. ಪೇಟೆಯಲ್ಲಿ ಸ್ಕ್ಯಾನ್ ಮಾಡಿಸಿ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಬಂದೆ. 64 ಪುಟ, ಒಂದೇ ಪಿಡಿಎಫ್, 92 ಎಂಬಿ.

ಜಿಮೇಲ್‌ನಲ್ಲಿ ಲಗತ್ತಿಸಿದರೆ 25 ಎಂಬಿ ದಾಟಿತು ಅಂತ ತಾನೇ ಡ್ರೈವ್ ಲಿಂಕ್ ಮಾಡಿ ಕೂರುತ್ತದೆ. ಆ ಲಿಂಕ್ ವಕೀಲರ ಆಫೀಸಿನಲ್ಲಿ ತೆರೆಯುವುದಿಲ್ಲ, ಅಲ್ಲಿ ಅಂಥದ್ದನ್ನೆಲ್ಲ ಬಂದ್ ಮಾಡಿದ್ದಾರಂತೆ. ವಾಟ್ಸಾಪ್ ಬೇಡ, ಮೇಲ್‌ನಲ್ಲೇ ಬರಲಿ, ಕಡತಕ್ಕೆ ಸೇರಿಸಬೇಕು ಅಂತಾರೆ. ಅವರ ಮೇಲ್ 10 ಎಂಬಿಗಿಂತ ದೊಡ್ಡದನ್ನು ವಾಪಸ್ ಕಳಿಸುತ್ತದೆ.

ನೆಟ್‌ನಲ್ಲಿ ಸಿಕ್ಕಿದ ಒಂದು ತಾಣದಲ್ಲಿ ಹಾಕಿ ನೋಡಿದೆ. 3 ಎಂಬಿ ಆಯಿತು. ತೆರೆದರೆ ಒತ್ತಕ್ಷರಗಳೆಲ್ಲ ಕಲೆ ಕಲೆ. 1961ರ ಕ್ರಯಪತ್ರದಲ್ಲಿ ಸರ್ವೆ ನಂಬರ್ ಕನ್ನಡ ಅಂಕಿಯಲ್ಲಿದೆ. ಅದು ೬೯ ಇರಬೇಕು. ಈಗ ೬೬, ೬೯, ೯೯ ಯಾವುದು ಬೇಕಾದರೂ ಅಂದುಕೊಳ್ಳಬಹುದು. ವಕೀಲರಿಗೆ ಇದನ್ನು ಕಳಿಸುವುದಕ್ಕಿಂತ ಕಳಿಸದೇ ಇರುವುದು ವಾಸಿ.

ಒಳಗೆ ಇರುವುದು ಇಷ್ಟು: ಹಳೆಯ ಎರಡು ಕ್ರಯಪತ್ರ (ಕೈಬರಹ, ಸ್ಟಾಂಪ್ ಪೇಪರ್), 1978ರ ಭೂ ನ್ಯಾಯಮಂಡಳಿ ಆದೇಶದ ಟೈಪ್ ಪ್ರತಿ, ಫಾರಂ 10 (ಗೇಣಿದಾರರಿಗೆ ಹಕ್ಕು ಕೊಟ್ಟ ಪತ್ರ), ಎಂ.ಆರ್. (ಹಕ್ಕು ಬದಲಾವಣೆ) ಪ್ರತಿಗಳು, ಪಹಣಿ, ಇ.ಸಿ. (ಋಣಭಾರ ಪತ್ರ), ಕಂದಾಯದ ರಸೀದಿ, ಸರ್ವೆ ನಕ್ಷೆ, ಎರಡು ಆಧಾರ್.

ಇದರ ಜೊತೆ ಒಂದು ವರ್ಡ್ ಫೈಲ್ ಕೂಡ ಇದೆ. ಬರೀ 14 ಪುಟ, ಆದರೆ 22 ಎಂಬಿ! ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದು. ವಂಶವೃಕ್ಷ, ಯಾರ ಅನುಭವದಲ್ಲಿ ಯಾವ ತೋಟ ಅನ್ನುವ ವಿವರ, ನಡುನಡುವೆ ಗಡಿಕಲ್ಲು, ಬಾವಿ, ಕೊಟ್ಟಿಗೆಯ ಫೋಟೋ.

ಇಲ್ಲಿ ಮೊಬೈಲ್ ಸಿಗ್ನಲ್ ಅಂಗಳದ ತುದಿಗೆ ಹೋದರೆ ಮಾತ್ರ. ಅದಕ್ಕೇ ಸಣ್ಣದಾದಷ್ಟೂ ಒಳ್ಳೆಯದು. ದಯವಿಟ್ಟು ದಾರಿ ತೋರಿಸಿ.

ವೈಟ್‌ಫೀಲ್ಡ್ ಬಸ್ಸು

ಸಿಂಪಲ್ ಸರ್. ಜಿಪ್ ಮಾಡಿ ಕಳಿಸಿ. ಆಗಲಿಲ್ಲ ಅಂದ್ರೆ ಕ್ಯಾಮ್‌ಸ್ಕ್ಯಾನರ್‌ನಲ್ಲಿ ಮತ್ತೆ ಫೋಟೋ ಹೊಡೆದರೆ ಆಯ್ತು.

ಝೆರಾಕ್ಸ್ ಅಂಗಡಿ, ತಿಪಟೂರು

ಬಸ್ಸಣ್ಣಾ, ಕ್ಯಾಮ್‌ಸ್ಕ್ಯಾನರ್ 2020ರ ಜೂನ್‌ನಲ್ಲೇ ನಮ್ಮ ದೇಶದಲ್ಲಿ ಬಂದ್ ಆಯಿತು. ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳ ಪಟ್ಟಿಯಲ್ಲಿ ಅದೂ ಇತ್ತು. ಜಿಪ್ ಮಾಡಿದರೂ ಏನೂ ಆಗುವುದಿಲ್ಲ. ಸ್ಕ್ಯಾನ್ ಪಿಡಿಎಫ್ ಒಳಗೆ ಇರುವುದು ಜೆಪೆಗ್ ಚಿತ್ರಗಳು, ಅವು ಆಗಲೇ ಕುಗ್ಗಿರುವಂಥವು. ಹಿಂಡಿದ ಬಟ್ಟೆಯನ್ನು ಇನ್ನೊಂದು ಸಲ ಹಿಂಡಿದರೆ ಎಷ್ಟು ನೀರು ಬಂದೀತು? 92 ಇದ್ದದ್ದು 91 ಆಗಬಹುದು.

ತೋಟದಮನೆಯವರೇ, ನಮ್ಮದು ತಾಲ್ಲೂಕು ಕಚೇರಿ ಎದುರಿಗೇ ಅಂಗಡಿ. ಇಡೀ ದಿನ ನಮ್ಮ ಗ್ಲಾಸ್ ಮೇಲೆ ಬೀಳುವುದು ನೀವು ಬರೆದ ಪಟ್ಟಿಯ ಕಾಗದಗಳೇ. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಪ್ರಕಾರ ನಿಮ್ಮ 92 ಎಂಬಿ ಫೈಲನ್ನು ಕುಗ್ಗಿಸಲು ಹೋಗಲೇಬೇಡಿ. ಕಾಗದ ಮನೆಯಲ್ಲೇ ಇದೆ ಅಲ್ವಾ? ಇನ್ನೊಂದು ಸಲ ಸ್ಕ್ಯಾನ್ ಮಾಡಿಸಿ, ಆದರೆ ಕಾಗದ ನೋಡಿಕೊಂಡು ಮಾಡಿಸಿ. ಫೈಲ್ ಎಷ್ಟು ದಪ್ಪ ಅನ್ನುವುದು ಸ್ಕ್ಯಾನರ್ ಮುಚ್ಚಳ ಹಾಕುವಾಗಲೇ ತೀರ್ಮಾನ ಆಗುತ್ತದೆ. ಆಮೇಲೆ ಮಾಡುವ ಕಂಪ್ರೆಷನ್ ಎಲ್ಲ ಇದ್ದ ವಿವರವನ್ನು ಕಳೆದುಕೊಳ್ಳುವ ಕೆಲಸ. ಮೂಲ ಕಾಗದ ಕೈಲಿ ಇಲ್ಲದವರಿಗೆ ಅದೊಂದೇ ದಾರಿ, ನಿಮಗೆ ಆ ಗತಿ ಇಲ್ಲ.

ಲೆಕ್ಕ ಕೇಳಿ. ಎ4 ಹಾಳೆಯನ್ನು 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಅಡ್ಡಕ್ಕೆ 2480, ಉದ್ದಕ್ಕೆ 3508 ಚುಕ್ಕೆ. ಒಟ್ಟು 87 ಲಕ್ಷ. ಕಲರ್ ಆದರೆ ಒಂದೊಂದು ಚುಕ್ಕೆಗೂ 3 ಬೈಟ್, ಅಂದರೆ ಕುಗ್ಗಿಸುವ ಮೊದಲು 26 ಎಂಬಿ. ಗ್ರೇ ಆದರೆ 1 ಬೈಟ್, 8.7 ಎಂಬಿ. ಬರೀ ಕಪ್ಪು ಬಿಳುಪು ಆದರೆ 8 ಚುಕ್ಕೆ ಸೇರಿ ಒಂದು ಬೈಟ್, ಸುಮಾರು 1.1 ಎಂಬಿ. ಅದನ್ನು ಫ್ಯಾಕ್ಸ್ ಕಾಲದಿಂದ ಬಂದ ಗ್ರೂಪ್ 4 ವಿಧಾನದಲ್ಲಿ ಕುಗ್ಗಿಸಿದರೆ ಪ್ರಿಂಟ್ ಆದ ಹಾಳೆ 50-60 ಕೆಬಿಗೆ ಇಳಿಯುತ್ತದೆ, ಅಕ್ಷರದ ಒಂದು ಚುಕ್ಕೆಯೂ ಕಳೆಯದೆ. ನಿಮ್ಮ ಫೈಲ್‌ನಲ್ಲಿ ಪುಟಕ್ಕೆ ಸರಾಸರಿ 1.4 ಎಂಬಿ ಇದೆ. ಅಂದರೆ 64 ಪುಟವನ್ನೂ 300 ಕಲರ್‌ನಲ್ಲಿ ಎಳೆದಿದ್ದಾರೆ, ಕಂದಾಯದ ರಸೀದಿಯನ್ನೂ ಸೇರಿಸಿ. ಅಂಗಡಿಯವರ ತಪ್ಪೇನಲ್ಲ ಬಿಡಿ. ಗಿರಾಕಿ 'ಚೆನ್ನಾಗಿ ಬರಲಿ ಅಣ್ಣ' ಅಂದರೆ ನಾವೂ ಅದೇ ಬಟನ್ ಒತ್ತುತ್ತೇವೆ. ರಶ್ ಇರುವಾಗ ಒಂದೊಂದು ಹಾಳೆಗೆ ಒಂದೊಂದು ಸೆಟ್ಟಿಂಗ್ ಹಾಕುತ್ತಾ ಕೂರುವವರು ಯಾರು?

ಈಗ ನಿಮ್ಮ ಕಾಗದಗಳನ್ನು ವಿಂಗಡಿಸಿ.

ಮೊದಲಿಗೆ ಪಹಣಿ ಮತ್ತು ಇ.ಸಿ. ಇವನ್ನು ಕಂದಾಯ ಇಲಾಖೆಯ ಭೂಮಿ ತಾಣದಿಂದ, ನೋಂದಣಿ ಇಲಾಖೆಯ ಕಾವೇರಿ ತಾಣದಿಂದ ಆನ್‌ಲೈನ್‌ನಲ್ಲೇ ತೆಗೆಸಿದ್ದೀರಾ? ಹಾಗಿದ್ದರೆ ಇಳಿಸಿಕೊಂಡ ಪಿಡಿಎಫ್ ಎಲ್ಲಾದರೂ ಇರಬೇಕು, ಹುಡುಗರ ಮೊಬೈಲ್‌ನಲ್ಲೋ ಮೇಲ್‌ನಲ್ಲೋ. ಅದನ್ನೇ ಹಾಗೇ ಕಳಿಸಿ. ಪ್ರಿಂಟ್ ತೆಗೆದು ಮತ್ತೆ ಸ್ಕ್ಯಾನ್ ಮಾಡುವುದು ದಿನಾ ನೋಡುತ್ತೇನೆ, ಹೊಟ್ಟೆ ಉರಿಯುತ್ತೆ. ಮೂಲ ಫೈಲ್ ಕೆಲವು ನೂರು ಕೆಬಿ ಇರುತ್ತದೆ, ಅಕ್ಷರ ಎಷ್ಟು ದೊಡ್ಡದು ಮಾಡಿದರೂ ಒಡೆಯುವುದಿಲ್ಲ. ಇನ್ನೊಂದು ಮುಖ್ಯ ವಿಷಯ: ಅದರಲ್ಲಿ ಡಿಜಿಟಲ್ ಸಹಿ ಇರುತ್ತದೆ. ಆ ಫೈಲನ್ನು ಕಂಪ್ರೆಸ್ ಮಾಡಿದರೆ, ಬೇರೆ ಪಿಡಿಎಫ್ ಜೊತೆ ಜೋಡಿಸಿದರೆ ಸಹಿ ಕೆಡುತ್ತದೆ. ತೆರೆದವರಿಗೆ ಸಹಿ ತಾಳೆಯಾಗುತ್ತಿಲ್ಲ ಎಂದು ತೋರಿಸುತ್ತದೆ, ಇಲ್ಲವೇ ಸಹಿಯೇ ಕಾಣುವುದಿಲ್ಲ. ಮುಟ್ಟದೆ ಬೇರೆಯಾಗಿ ಲಗತ್ತಿಸಿ.

ಎರಡನೆಯದು, ಬಿಳಿ ಹಾಳೆಯಲ್ಲಿ ಕಪ್ಪಾಗಿ ಪ್ರಿಂಟ್ ಆಗಿರುವ ಎಂ.ಆರ್. ಪ್ರತಿ, ರಸೀದಿ ಇತ್ಯಾದಿ. ಇವಕ್ಕೆ ಬ್ಲಾಕ್ ಆಂಡ್ ವೈಟ್, 300 ಡಿಪಿಐ. ಡಿಪಿಐ ಇಳಿಸಬೇಡಿ, ಬಣ್ಣ ಬಿಟ್ಟರೆ ಸಾಕು.

ಮೂರನೆಯದೇ ತಾಪತ್ರಯದ್ದು. ಸ್ಟಾಂಪ್ ಪೇಪರ್ ಕ್ರಯಪತ್ರ, ಟ್ರಿಬ್ಯುನಲ್ ಆದೇಶ. ಇಲ್ಲಿ ಬ್ಲಾಕ್ ಆಂಡ್ ವೈಟ್ ಹಾಕಿದರೆ ಕೆಟ್ಟಿತು. ಯಂತ್ರ ಪ್ರತಿ ಚುಕ್ಕೆಯನ್ನೂ ನೋಡಿ 'ನೀನು ಕಪ್ಪಾ, ಬಿಳಿಯಾ' ಅಂತ ಕೇಳುತ್ತದೆ, ನಡುವಿನದಕ್ಕೆ ಜಾಗವೇ ಇಲ್ಲ. ಹಳೇ ಕಾಗದ ಕಂದು ತಿರುಗಿರುತ್ತದೆ, ಮಡಿಕೆ ಇದ್ದಲ್ಲಿ ಇನ್ನೂ ಕಪ್ಪು. ಶಾಯಿ ಮಾಸಿರುತ್ತದೆ. ಮಡಿಕೆಯ ಮೇಲೆ ಬಂದ ಸಾಲು ಇಡಿಯಾಗಿ ಕಪ್ಪು ಪಟ್ಟಿ ಆಗುತ್ತದೆ, ಮಾಸಿದ ಸಾಲು ಮಾಯ ಆಗುತ್ತದೆ. ನೇರಳೆ ಪ್ಯಾಡಿನ ಹೆಬ್ಬೆಟ್ಟು ಗುರುತು ಇರುತ್ತದಲ್ಲ, ಅದು ಗೆರೆ ಒಂದೂ ಕಾಣದ ಕರಿ ಗೋಲಿ ಆಗಿಬಿಡುತ್ತದೆ. 1978ರ ಆದೇಶ ನಿಮ್ಮಲ್ಲಿರುವುದು ಕಾರ್ಬನ್ ಪ್ರತಿ ಇರಬಹುದು, ತೆಳು ಹಾಳೆ, ನೀಲಿಗಟ್ಟಿದ ಅಕ್ಷರ. ಹಿಂದೆ ಒಂದು ದಪ್ಪ ಬಿಳಿ ಹಾಳೆ ಇಟ್ಟು ಸ್ಕ್ಯಾನ್ ಮಾಡಲು ಹೇಳಿ.

ಇಂಥ ಹಾಳೆಗೆಲ್ಲ ಗ್ರೇಸ್ಕೇಲ್, 200 ಡಿಪಿಐ. ಹಾಳೆಗೆ 250-300 ಕೆಬಿ ಬರುತ್ತದೆ, ಪರದೆಯಲ್ಲಿ ಹಿಗ್ಗಿಸಿ ಓದಲು ಧಾರಾಳವಾಗಿ ಸಾಕು. ಆ ೬೯ ಇರುವ ಪುಟ ಒಂದನ್ನು ಬೇಕಾದರೆ 300ರಲ್ಲೇ ಇಡಿ. ಎಲ್ಲ ಪುಟವೂ ಒಂದೇ ಸಮ ಇರಬೇಕು ಅಂತ ಯಾರೂ ಕಾನೂನು ಮಾಡಿಲ್ಲ. ಸ್ಟಾಂಪ್ ಪೇಪರ್ ಎ4ಗಿಂತ ಉದ್ದ, ಲೀಗಲ್ ಸೈಜ್ ಗ್ಲಾಸ್ ಇರುವ ಯಂತ್ರ ಇದೆಯಾ ಅಂತ ಮೊದಲೇ ಕೇಳಿ. ಹಳೇ ಹಾಳೆಯನ್ನು ಮೇಲಿನ ಫೀಡರ್‌ಗೆ ಮಾತ್ರ ಹಾಕಲು ಬಿಡಬೇಡಿ, ಹರಿದರೆ ಯಾರು ಹೊಣೆ? ಗ್ಲಾಸ್ ಮೇಲೆ ಒಂದೊಂದೇ.

ಕಲರ್ ಬೇಕಾಗುವುದು ಸರ್ವೆ ನಕ್ಷೆಗೆ ಮಾತ್ರ, ಅದೂ ಗಡಿ ಗೆರೆ ಕೆಂಪು ಹಸಿರಲ್ಲಿ ಇದ್ದರೆ. ಆಧಾರ್ ಸ್ಕ್ಯಾನೇ ಬೇಡ. ಯುಐಡಿಎಐ ತಾಣದಲ್ಲಿ ಮಾಸ್ಕ್ ಮಾಡಿದ ಆಧಾರ್ ಸಿಗುತ್ತದೆ, ಕೊನೆಯ 4 ಅಂಕಿ ಮಾತ್ರ ಕಾಣುವಂಥದ್ದು. ವಕೀಲರು ಓದಿ ನೋಡುವುದಕ್ಕೆ ಅಷ್ಟು ಸಾಕು, ಪೂರ್ತಿ ನಂಬರ್ ನೋಂದಣಿ ಹೊತ್ತಿಗೆ ಕೊಡಬಹುದು.

ಮತ್ತೆ ಆ ಪುಕ್ಕಟೆ ತಾಣಗಳು. ತಮಾಷೆ ಫೋಟೋ ಹಾಕಿ ಕುಗ್ಗಿಸಿಕೊಳ್ಳಿ, ತೊಂದರೆ ಇಲ್ಲ. ಆದರೆ ಕ್ರಯಪತ್ರ, ಸಹಿ, ಹೆಬ್ಬೆಟ್ಟು, ಆಧಾರ್ ಎಲ್ಲ ಒಟ್ಟಿಗೆ ಇರುವ ಫೈಲನ್ನು ಗುರುತಿಲ್ಲದ ಕಂಪ್ಯೂಟರಿಗೆ ಏರಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಸರ್ವರ್ ರೂಮು

ಮೇಲಿನವರು ಹೇಳಿದ್ದೆಲ್ಲ ಸರಿ. ಒಂದು ಮಾತು ಸೇರಿಸುತ್ತೇನೆ, ಇಲ್ಲಾಂದ್ರೆ ಇಷ್ಟೆಲ್ಲ ಮಾಡಿ 9.5 ಎಂಬಿ ಫೈಲ್ ಕಳಿಸಿ ಅದೂ ವಾಪಸ್ ಬರುತ್ತದೆ.

10 ಎಂಬಿ ಮಿತಿ ಅಂದರೆ 10 ಎಂಬಿ ಫೈಲ್ ಹೋಗುತ್ತದೆ ಅಂತ ಅರ್ಥ ಅಲ್ಲ. ಇ-ಮೇಲ್ ಹುಟ್ಟಿದ್ದು ಬರೀ ಇಂಗ್ಲಿಷ್ ಅಕ್ಷರ ಸಾಗಿಸಲಿಕ್ಕೆ. 1992ರಲ್ಲಿ ಮೈಮ್ ಎನ್ನುವ ಪದ್ಧತಿ ಬಂದ ಮೇಲೆ ಫೈಲ್ ಲಗತ್ತಿಸುವುದಕ್ಕೆ ಒಂದು ಕ್ರಮ ಸಿಕ್ಕಿತು. ಆದರೆ ಒಳಗೆ ಇವತ್ತಿಗೂ ಫೈಲನ್ನು ಅಕ್ಷರಗಳಾಗಿ ಬದಲಾಯಿಸಿಯೇ ಕಳಿಸುತ್ತಾರೆ. ಆ ವಿಧಾನಕ್ಕೆ ಬೇಸ್64 ಅಂತ ಹೆಸರು. 3 ಬೈಟ್ ಇದ್ದದ್ದು 4 ಅಕ್ಷರ ಆಗುತ್ತದೆ, ಸಾಲು ಮುರಿಯುವ ಗುರುತು ಬೇರೆ. ಒಟ್ಟಾರೆ ಸುಮಾರು 37 ಪರ್ಸೆಂಟ್ ಉಬ್ಬುತ್ತದೆ. ನಿಮ್ಮ 9.5 ಎಂಬಿ ದಾರಿಯಲ್ಲಿ 13 ಎಂಬಿ ಆಗಿರುತ್ತದೆ. ಸರ್ವರ್ ಅಳೆಯುವುದು ಆ ಉಬ್ಬಿದ ಗಾತ್ರವನ್ನು.

ಪೋಸ್ಟ್‌ಫಿಕ್ಸ್ ಅಂತ ಬಹಳ ಕಡೆ ಬಳಸುವ ಮೇಲ್ ಸರ್ವರ್ ಇದೆ. ಅದನ್ನು ಹಾಕಿ ಯಾರೂ ಸೆಟ್ಟಿಂಗ್ ಮುಟ್ಟದಿದ್ದರೆ ಅದರ ಮಿತಿ 1,02,40,000 ಬೈಟ್. ವಕೀಲರ ಆಫೀಸಿನ 10 ಎಂಬಿ ಬಹುಶಃ ಅದೇ ಇರಬೇಕು, ಯಾರೂ ಬದಲಾಯಿಸದೆ ಬಿಟ್ಟದ್ದು. ಅದರಲ್ಲಿ ಸಾಗುವ ಫೈಲ್ 7.4 ಎಂಬಿ ಅಷ್ಟೇ. ಮೇಲ್‌ನಲ್ಲಿ ಬರೆಯುವ ಮಾತು, ಕೆಳಗಿನ ಹೆಸರು ವಿಳಾಸ ಎಲ್ಲ ಸೇರುವುದರಿಂದ 7 ಎಂಬಿ ಅಂತ ಇಟ್ಟುಕೊಳ್ಳಿ.

7 ದಾಟಿದರೆ ಎರಡು ಮೇಲ್ ಮಾಡಿ, ಅದರಲ್ಲಿ ಅವಮಾನ ಏನೂ ಇಲ್ಲ. ವಿಷಯದ ಸಾಲಿನಲ್ಲಿ 'ಭಾಗ 1/2', 'ಭಾಗ 2/2' ಅಂತ ಬರೆದರೆ ಆಯಿತು. ಜಿಪ್ ಫೈಲನ್ನು ತುಂಡು ತುಂಡು ಮಾಡಿ ಕಳಿಸುವ ವಿದ್ಯೆ ಮಾತ್ರ ಬೇಡ. ಅತ್ತ ಕಡೆ ಜೋಡಿಸಲು ಗೊತ್ತಿರುವವರು ಇರುವುದಿಲ್ಲ. ಎಷ್ಟೋ ಸರ್ವರ್‌ಗಳು ಅಂಥ ತುಂಡನ್ನು ಅನುಮಾನದಿಂದ ತಡೆಹಿಡಿಯುತ್ತವೆ.

ಟೈಪಿಂಗ್ ಅಕ್ಕ

ವರ್ಡ್ ಫೈಲ್ ಬಗ್ಗೆ ಯಾರೂ ಹೇಳಲಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ದಾವೆ ಅರ್ಜಿ, ಅಫಿಡವಿಟ್ ಟೈಪ್ ಮಾಡುವುದೇ ನನ್ನ ಕೆಲಸ.

14 ಪುಟದ ಅಕ್ಷರಕ್ಕೆ ತೂಕವೇ ಇಲ್ಲ ಸರ್. 22 ಎಂಬಿ ಇರುವುದು ಗಡಿಕಲ್ಲು, ಬಾವಿ, ಕೊಟ್ಟಿಗೆಯಲ್ಲಿ. ಈಗಿನ ಮೊಬೈಲ್ ಫೋಟೋ ಅಡ್ಡಕ್ಕೆ 4000 ಚುಕ್ಕೆ ಇರುತ್ತದೆ. ನೀವು ಅದನ್ನು ಮೂಲೆ ಹಿಡಿದು ಎಳೆದು 6 ಇಂಚಿಗೆ ಕೂರಿಸಿದರೆ ಕಣ್ಣಿಗೆ ಮಾತ್ರ ಸಣ್ಣದು, ಒಳಗೆ ಅಷ್ಟೂ ಚುಕ್ಕೆ ಹಾಗೇ ಇರುತ್ತದೆ. ಅಂದರೆ ಇಂಚಿಗೆ 660 ಚುಕ್ಕೆ ಮೇಲೆ. 150 ಇದ್ದರೆ ಬೇಕಾದಷ್ಟಾಯಿತು.

ಹೀಗೆ ಮಾಡಿ. ಫೈಲ್‌ಗೆ ಒಂದು ಕಾಪಿ ತೆಗೆದಿಟ್ಟುಕೊಳ್ಳಿ. ವರ್ಡ್‌ನಲ್ಲಿ ಯಾವುದಾದರೂ ಒಂದು ಫೋಟೋ ಮೇಲೆ ಕ್ಲಿಕ್ ಮಾಡಿ. ಮೇಲೆ ಪಿಕ್ಚರ್ ಫಾರ್ಮ್ಯಾಟ್ ಅಂತ ಬರುತ್ತದೆ, ಅದರಲ್ಲಿ ಕಂಪ್ರೆಸ್ ಪಿಕ್ಚರ್ಸ್. ಬರುವ ಚಿಕ್ಕ ಕಿಟಕಿಯಲ್ಲಿ 'ಈ ಚಿತ್ರಕ್ಕೆ ಮಾತ್ರ' ಅನ್ನುವ ಟಿಕ್ ತೆಗೆಯಿರಿ, ಆಗ ಎಲ್ಲ ಫೋಟೋಗೂ ಸೇರುತ್ತದೆ. 'ಕತ್ತರಿಸಿದ ಭಾಗ ಅಳಿಸು' ಅನ್ನುವುದಕ್ಕೆ ಟಿಕ್ ಹಾಕಿ. 150 ಪಿಪಿಐ ಆರಿಸಿ, ಓಕೆ ಕೊಟ್ಟು ಸೇವ್ ಮಾಡಿ. ಕೆಳಗೆ ಇ-ಮೇಲ್‌ಗೆ ಅಂತ 96 ಪಿಪಿಐ ಕೂಡ ಇರುತ್ತದೆ. ನಿಮ್ಮ ಗಡಿಕಲ್ಲಿನ ಮೇಲೆ ನಂಬರ್ ಕೆತ್ತಿದ್ದರೆ ಅದು ಕಾಣಬೇಕಲ್ವಾ, ಹಾಗಾಗಿ 96 ಬೇಡ.

ಆ ಕತ್ತರಿಸಿದ ಭಾಗದ ವಿಷಯ ಸುಮ್ನೆ ಹೇಳಿದ್ದಲ್ಲ. ವರ್ಡ್‌ನಲ್ಲಿ ಫೋಟೋ ಕ್ರಾಪ್ ಮಾಡಿದರೆ ಉಳಿದದ್ದು ಅಳಿಯುವುದಿಲ್ಲ, ಮರೆಯಾಗುತ್ತದೆ ಅಷ್ಟೇ. ತೂಕವೂ ಹಾಗೇ ಇರುತ್ತದೆ. ಫೈಲ್ ಪಡೆದವರು ಕ್ರಾಪ್ ಗುಂಡಿ ಒತ್ತಿ ಎಳೆದರೆ ಪೂರ್ತಿ ಫೋಟೋ ಹೊರಗೆ ಬರುತ್ತದೆ. ಬಾವಿ ಪಕ್ಕ ನಿಂತಿದ್ದ ದಾಯಾದಿ ಸಮೇತ!

ಒಳಗೆ ಯಾವ ಫೋಟೋ ಎಷ್ಟು ತಿನ್ನುತ್ತಿದೆ ಅಂತ ನೋಡಬೇಕಾ? ವರ್ಡ್‌ನ ಡಾಕ್ಸ್ (.docx) ಫೈಲ್ ನಿಜದಲ್ಲಿ ಒಂದು ಜಿಪ್ ಕಟ್ಟು. ಕಾಪಿ ಮಾಡಿ, ಹೆಸರಿನ ಕೊನೆಯ ಡಾಕ್ಸ್ ಅನ್ನು ಜಿಪ್ ಅಂತ ಬದಲಾಯಿಸಿ ತೆರೆಯಿರಿ. ವರ್ಡ್ ಎನ್ನುವ ಫೋಲ್ಡರ್ ಒಳಗೆ ಮೀಡಿಯಾ ಅಂತ ಇನ್ನೊಂದು ಇರುತ್ತದೆ. ಎಲ್ಲ ಫೋಟೋ ಅಲ್ಲಿ ಸಾಲಾಗಿ ಕೂತಿರುತ್ತವೆ. ಅಪರಾಧಿ ತಕ್ಷಣ ಸಿಗುತ್ತಾನೆ.

ಇನ್ನು ನುಡಿ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ (ಈಗ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಪದ್ಧತಿ) ಅಲ್ಲ. ವಕೀಲರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ನಿಮ್ಮ ವಂಶವೃಕ್ಷ ಪೂರ್ತಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಆದ್ದರಿಂದ ವರ್ಡ್ ಫೈಲ್ ಬದಲು ಪಿಡಿಎಫ್ ಕಳಿಸಿ. ಫೋಟೋ ಕುಗ್ಗಿಸಿದ ಮೇಲೆ, ಸೇವ್ ಆ್ಯಸ್‌ನಲ್ಲಿ ಪಿಡಿಎಫ್ ಆರಿಸಿ, ಕೆಳಗೆ ಸ್ಟ್ಯಾಂಡರ್ಡ್, ಮಿನಿಮಮ್ ಸೈಜ್ ಅಂತ ಎರಡು ಇರುತ್ತದೆ. ಸ್ಟ್ಯಾಂಡರ್ಡ್ ಸಾಕು. ಬೇಕಾದ ಅಕ್ಷರಗಳ ಫಾಂಟ್ ಪಿಡಿಎಫ್ ಒಳಗೇ ಸೇರಿಕೊಳ್ಳುತ್ತದೆ, ಯಾವ ಕಂಪ್ಯೂಟರಿನಲ್ಲಾದರೂ ಕನ್ನಡವೇ ಕಾಣುತ್ತದೆ. ವಕೀಲರು ತಿದ್ದಬೇಕು ಅಂದರೆ ಮಾತ್ರ ವರ್ಡ್ ಕೊಡಿ, ಕೊಡುವ ಮೊದಲು ಯೂನಿಕೋಡ್‌ಗೆ ಬದಲಾಯಿಸಿ. ಬದಲಾಯಿಸಿದ ಮೇಲೆ ಹೆಸರುಗಳನ್ನು ಒಂದೊಂದೇ ಓದಿ ನೋಡಿ. ಅರ್ಕಾವತ್ತು ಇರುವ ಕಡೆ ಆಗಾಗ ಎಡವಟ್ಟಾಗುತ್ತದೆ.

ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಬೇಡಿ ಅಂತ ಬೇರೆ ಹೇಳಬೇಕಾಗಿಲ್ಲ ತಾನೆ?

ಪೆಂಗ್ವಿನ್

ಮೂಲ ಕಾಗದ ಇಲ್ಲದವರಿಗಾಗಿ ಒಂದು ಮಾತು. ಘೋಸ್ಟ್‌ಸ್ಕ್ರಿಪ್ಟ್ ಅಂತ ಉಚಿತ ತಂತ್ರಾಂಶ ಇದೆ, ವಿಂಡೋಸ್‌ನಲ್ಲೂ ನಡೆಯುತ್ತದೆ, ಫೈಲ್ ನಿಮ್ಮ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗುವುದಿಲ್ಲ. ಅದರಲ್ಲಿ ಸಿದ್ಧ ಸೆಟ್ಟಿಂಗ್‌ಗಳಿವೆ: ಸ್ಕ್ರೀನ್ ಅಂದರೆ ಚಿತ್ರಗಳು 72 ಡಿಪಿಐ, ಇ-ಬುಕ್ ಅಂದರೆ 150, ಪ್ರಿಂಟರ್ ಅಂದರೆ 300. ತೋಟದಮನೆಯವರಿಗೆ ಒತ್ತಕ್ಷರ ಕಲೆ ಆದದ್ದು ಆ ತಾಣ 72ರ ಆಸುಪಾಸಿಗೆ ಇಳಿಸಿದ್ದರಿಂದಲೇ ಇರಬೇಕು. 10 ಪಾಯಿಂಟ್ ಅಕ್ಷರಕ್ಕೆ 72 ಡಿಪಿಐನಲ್ಲಿ ಸಿಗುವುದು ಎತ್ತರಕ್ಕೆ 10 ಚುಕ್ಕೆ. ಇಂಗ್ಲಿಷ್ ಹೇಗೋ ಬದುಕುತ್ತದೆ. ನಮ್ಮಲ್ಲಿ ಆ 10ರಲ್ಲೇ ತಲೆಕಟ್ಟು, ಗುಡಿಸು, ಕೆಳಗೆ ಒತ್ತು ಎಲ್ಲ ಹಂಚಿಕೊಳ್ಳಬೇಕು. ಒತ್ತಿಗೆ ಉಳಿಯುವುದು ಮೂರೋ ನಾಲ್ಕೋ. ಕನ್ನಡದ ಸ್ಕ್ಯಾನ್‌ಗೆ 150ಕ್ಕಿಂತ ಕೆಳಗೆ ಇಳಿಯಲೇಬಾರದು ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ.

ಇನ್ನೊಂದು. 200 ಡಿಪಿಐ ಫೈಲನ್ನು ಇ-ಬುಕ್‌ಗೆ ಕೊಟ್ಟು 'ಏನೂ ಕಮ್ಮಿ ಆಗಲಿಲ್ಲ' ಅಂತ ಕೇಳುವವರಿದ್ದಾರೆ. ಗುರಿಯ ಒಂದೂವರೆ ಪಟ್ಟಿಗಿಂತ ಜಾಸ್ತಿ ಇದ್ದರೆ ಮಾತ್ರ ಅದು ಡಿಪಿಐ ಇಳಿಸುತ್ತದೆ. 150ಕ್ಕೆ ಒಂದೂವರೆ ಪಟ್ಟು 225. ನಿಮ್ಮದು 200, ಹಾಗಾಗಿ ಮುಟ್ಟುವುದಿಲ್ಲ. ಮಿತಿಯನ್ನು ನೀವೇ ಬದಲಾಯಿಸಿ ಕೊಡಬೇಕು.

ತೋಟದಮನೆ

ಎಲ್ಲರಿಗೂ ದೊಡ್ಡ ನಮಸ್ಕಾರ. ಝೆರಾಕ್ಸ್ ಅಣ್ಣ ಹೇಳಿದ ಹಾಗೆ ಕಾಗದ ವಿಂಗಡಿಸಿಕೊಂಡು ಮತ್ತೆ ಪೇಟೆಗೆ ಹೋದೆ. ಪಹಣಿ, ಇ.ಸಿ. ಸೇರಿ 21 ಪುಟದ ಮೂಲ ಪಿಡಿಎಫ್ ಅಣ್ಣನ ಮಗನ ಮೇಲ್‌ನಲ್ಲಿ ಸಿಕ್ಕಿತು, ಎಲ್ಲ ಸೇರಿ 2 ಎಂಬಿಯೂ ಇಲ್ಲ. ಹಳೇ ಪತ್ರ 22 ಪುಟ ಗ್ರೇನಲ್ಲಿ 6.1 ಎಂಬಿ. ಕಪ್ಪು ಬಿಳುಪಿನ 17 ಪುಟ 1 ಎಂಬಿ ಒಳಗೆ. ೬೯ ಈಗ ೬೯ ಆಗಿಯೇ ಇದೆ. ವರ್ಡ್ ಫೈಲ್ ಪಿಡಿಎಫ್ ಆಗಿ 1.3 ಎಂಬಿಗೆ ಬಂತು, ಟೈಪಿಂಗ್ ಅಕ್ಕನಿಗೆ ಒಂದು ಕೇಜಿ ಅಡಕೆ ಕಳಿಸಬೇಕು.

ಒಂದು ಅನುಮಾನ ಉಳಿದಿದೆ. ಪೇಟೆಯ ಯಂತ್ರದಲ್ಲಿ 'ಹೈ ಕಂಪ್ರೆಷನ್ ಪಿಡಿಎಫ್' ಅಂತ ಒಂದು ಬಟನ್ ಇತ್ತು. ಅದನ್ನು ಒತ್ತಿದರೆ ಗ್ರೇ ಪುಟಗಳೂ ಇನ್ನೂ ಅರ್ಧ ಆಗುತ್ತವೆ ಅಂದರು. ಭಯವಾಗಿ ಬೇಡ ಅಂದೆ. ಒತ್ತಬಹುದಿತ್ತಾ?

ಝೆರಾಕ್ಸ್ ಅಂಗಡಿ, ತಿಪಟೂರು

ಬೇಡ ಅಂದದ್ದು ಒಳ್ಳೆಯದೇ ಆಯಿತು. ಎಲ್ಲ ಯಂತ್ರದಲ್ಲೂ ಕೆಟ್ಟದ್ದು ಅಂತಲ್ಲ. ಅಂಥ ಬಟನ್ ಸಾಮಾನ್ಯವಾಗಿ ಅಕ್ಷರವನ್ನು ಒಂದು ಪದರ, ಕಾಗದದ ಬಣ್ಣವನ್ನು ಇನ್ನೊಂದು ಪದರ ಮಾಡಿ, ಹಿಂದಿನದನ್ನು ಜೋರಾಗಿ ಕುಗ್ಗಿಸುತ್ತದೆ. ಹೊಸ ಪ್ರಿಂಟಿಗೆ ಚೆನ್ನಾಗಿ ಬರುತ್ತದೆ. ಮಾಸಿದ ಶಾಯಿಯನ್ನು ಅದು ಅಕ್ಷರ ಅಂದುಕೊಳ್ಳುವುದೇ ಇಲ್ಲ, ಕಾಗದದ ಕಲೆ ಅಂದುಕೊಂಡು ಹಿಂದಕ್ಕೆ ತಳ್ಳುತ್ತದೆ.

ಇದಕ್ಕಿಂತ ಭಯದ್ದು ಇನ್ನೊಂದಿದೆ. ಜೆಬಿಗ್2 ಅಂತ ಒಂದು ಕಂಪ್ರೆಷನ್ ವಿಧಾನ. ಪುಟದಲ್ಲಿ ಒಂದೇ ಥರ ಕಾಣುವ ಅಕ್ಷರಗಳಿದ್ದರೆ ಒಂದನ್ನೇ ಇಟ್ಟುಕೊಂಡು ಉಳಿದ ಕಡೆಯೆಲ್ಲ ಅದನ್ನೇ ಅಂಟಿಸುತ್ತಾ ಹೋಗಲು ಅದಕ್ಕೆ ಬರುತ್ತದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎನ್ನುವವರು ಇದರ ಬಣ್ಣ ಬಯಲು ಮಾಡಿದರು. ಒಂದು ಕಟ್ಟಡದ ನಕ್ಷೆಯನ್ನು ಝೆರಾಕ್ಸ್ ಕಂಪನಿಯ ಯಂತ್ರದಲ್ಲಿ ಸ್ಕ್ಯಾನ್ ಮಾಡಿದಾಗ ಮೂರು ಕೋಣೆಗಳ ವಿಸ್ತೀರ್ಣವೂ 14.13 ಅಂತ ಬಂದಿತ್ತು. ಮೂಲದಲ್ಲಿ ಒಂದು 14.13, ಒಂದು 21.11, ಇನ್ನೊಂದು 17.42 ಚದರ ಮೀಟರ್. ಮಸುಕಾಗಿದ್ದರೆ ಯಾರಾದರೂ ಅನುಮಾನ ಪಡುತ್ತಿದ್ದರು. ಅದು ಸ್ಪಷ್ಟವಾಗಿ, ಅಚ್ಚುಕಟ್ಟಾಗಿ ತಪ್ಪಾಗಿತ್ತು. ಆಮೇಲೆ ಕಂಪನಿ ಸಾಫ್ಟ್‌ವೇರ್ ಸರಿಪಡಿಸಿ ಕೊಟ್ಟಿತು.

ಪಹಣಿಯಲ್ಲಿ 2 ಎಕರೆ 13 ಗುಂಟೆ ಹೋಗಿ 2 ಎಕರೆ 18 ಗುಂಟೆ ಆದರೆ ಯೋಚನೆ ಮಾಡಿ. ಪಾಲಿನ ಹೊತ್ತಿನಲ್ಲಿ 5 ಗುಂಟೆಗೆ ತಲೆ ಒಡೆದುಕೊಂಡವರನ್ನು ನಮ್ಮ ಅಂಗಡಿ ಜಗಲಿಯಲ್ಲೇ ಕೂರಿಸಿ ನೀರು ಕೊಟ್ಟಿದ್ದೇನೆ. ಅದಕ್ಕೇ ಅಂಕಿ ಇರುವ ದಾಖಲೆಗೆ ಗುರುತಿಲ್ಲದ ಬಟನ್ ಒತ್ತುವುದಿಲ್ಲ. ಕಪ್ಪು ಬಿಳುಪಿಗೆ ಗ್ರೂಪ್ 4, ಗ್ರೇಗೆ ಜೆಪೆಗ್, ಇಷ್ಟೇ.

ಕಳಿಸುವ ಮೊದಲು ಇನ್ನೊಂದು ನೋಡಿ. ಕ್ರಯಪತ್ರದ ಹಿಂಬದಿ ಸ್ಕ್ಯಾನ್ ಮಾಡಿಸಿದ್ದೀರಾ? ಸಬ್ ರಿಜಿಸ್ಟ್ರಾರ್ ಮೊಹರು, ದಸ್ತಾವೇಜು ನಂಬರ್, ಯಾವ ಪುಸ್ತಕ, ಯಾವ ಸಂಪುಟ, ಎಷ್ಟನೇ ಪುಟ, ಗುರುತಿಸಿದ ಸಾಕ್ಷಿಗಳು, ಇವೆಲ್ಲ ಹಳೇ ಪತ್ರಗಳಲ್ಲಿ ಹೆಚ್ಚಾಗಿ ಹಿಂದುಗಡೆ ಇರುತ್ತವೆ. ವಕೀಲರು ಮೊದಲು ಹುಡುಕುವುದೇ ಅದನ್ನು. ಗಿರಾಕಿಗಳಲ್ಲಿ ಅರ್ಧ ಜನ ಖಾಲಿ ಅಂದುಕೊಂಡು ಬಿಟ್ಟುಬಿಡುತ್ತಾರೆ.

ತೋಟದಮನೆ

ಅಣ್ಣ, ತಿರುಗಿಸಿ ನೋಡಿದೆ. 7 ಹಾಳೆಯ ಹಿಂದೆ ಮೊಹರು, ಬರಹ ಎಲ್ಲ ಇದೆ. ಮತ್ತೆ ಪೇಟೆಗೆ ಹೋಗಿ ಗ್ರೇ 200ರಲ್ಲಿ ಮಾಡಿಸಿದೆ, 1.9 ಎಂಬಿ ಬಂತು. ಹಳೇ ಪತ್ರಕ್ಕೆ ಸೇರಿಸಿದರೆ 7 ದಾಟುತ್ತದೆ. ಹಾಗಾಗಿ ಒಂದೊಂದು ಕ್ರಯಪತ್ರವನ್ನು ಮುಂದೆ ಹಿಂದೆ ಜೊತೆಯಾಗಿ ಇಟ್ಟು, ಆದೇಶ ಬೇರೆ, ಉಳಿದದ್ದು ಬೇರೆ ಅಂತ ಮೂರು ಮೇಲ್ ಮಾಡಿದೆ. ಮೂರೂ ತಲುಪಿದೆ ಅಂತ ವಕೀಲರ ಗುಮಾಸ್ತರು ಫೋನ್ ಮಾಡಿದ್ದರು. ನಕ್ಷೆ ಅಡ್ಡಡ್ಡ ಬಂದಿದೆ, ತಿರುಗಿಸಿ ಕಳಿಸಿ ಅಂದರು.

ಸರ್ವರ್ ರೂಮು

ಅದಕ್ಕೆ ಮತ್ತೆ ಪೇಟೆಗೆ ಹೋಗಬೇಡಿ ಮಾರಾಯ್ರೆ. ಪಿಡಿಎಫ್ ತೆರೆದಾಗ ಮೇಲೆ ಬಾಗಿದ ಬಾಣದ ಗುರುತು ಇರುತ್ತದೆ, ಅದನ್ನು ಒತ್ತಿ ತಿರುಗಿಸಿಕೊಳ್ಳಲು ಗುಮಾಸ್ತರಿಗೇ ಹೇಳಿ.